ಅದಿರು ಮೊದಲು, ಅಕ್ಷರ ಆಮೇಲೆ

ಸಾಸ್ವೆಹಳ್ಳಿಗೆ ದೂರವೇನಲ್ಲದ ಕುದುರೆಕೊಂಡ, ಪಲವನಹಳ್ಳಿಗಳ ಹೆಸರು ಇವತ್ತು ಪತ್ರಿಕೆಯಲ್ಲಿ ಬಂದರೆ ಮಳೆಯ ಸುದ್ದಿಗೋ ಮೆಕ್ಕೆಜೋಳದ ದರಕ್ಕೋ ಇರಬೇಕು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹಾಗಿರಲಿಲ್ಲ. ಹೊನ್ನಾಳಿ ಸೀಮೆಯ ಈ ನೆಲದಲ್ಲಿ ಚಿನ್ನವಿದೆ ಎಂದು ಕಂಪನಿಯವರು ಬಂದರು, ಯಂತ್ರ ತಂದು ಹೂಡಿದರು, ಬೆಣಚುಕಲ್ಲು ಕುಟ್ಟಿದರು. ಒಂದಿಷ್ಟು ಚಿನ್ನ ಸಿಕ್ಕಿತು. ಆದರೆ ಹಾಕಿದ ದುಡ್ಡು ಹುಟ್ಟಲಿಲ್ಲ, ಕೆಲಸ ನಿಂತಿತು. ಬಂದವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಅವರು ಹೋದಾಗ ಊರಲ್ಲಿ ಉಳಿದದ್ದು ಅಗೆದ ಗುಂಡಿಗಳು. ಕಲ್ಲು ನೋಡಿ ಅದಿರು ಗುರುತಿಸುವುದನ್ನು, ಅದಿರು ಅಳೆದು ಲಾಭ ನಷ್ಟ ಹೇಳುವುದನ್ನು ಇಲ್ಲಿನ ಒಬ್ಬ ಹುಡುಗನಿಗೂ ಯಾರೂ ಕಲಿಸಿರಲಿಲ್ಲ.

ಕರ್ನಾಟಕದ ಗಣಿ ಶಿಕ್ಷಣದ ಚರಿತ್ರೆಯನ್ನು ಓದುತ್ತ ಹೋದರೆ ಹೊನ್ನಾಳಿಯ ಈ ಸಣ್ಣ ಪ್ರಸಂಗವೇ ದೊಡ್ಡ ಅಳತೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಗಣಿ ಮೊದಲು ಬರುತ್ತದೆ. ಪಾಠ ಬಹಳ ತಡವಾಗಿ, ಎಷ್ಟೋ ಸಲ ಗಣಿ ಮುಚ್ಚುವ ಹೊತ್ತಿಗೆ ಬರುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಲು ಹೊರಟವರು ಕೆಲವರಿದ್ದರು, ಕೆಲವು ಕಡೆ ಗೆದ್ದರು ಕೂಡ.

ಹಾಗೆಂದು ಈ ನಾಡಿಗೆ ಲೋಹದ ವಿದ್ಯೆ ಹೊರಗಿನಿಂದಲೇ ಬಂತು ಎನ್ನುವಂತಿಲ್ಲ. ರಾಯಚೂರು ಸೀಮೆಯ ಹಟ್ಟಿಯಲ್ಲಿ ಪ್ರಾಚೀನರು ಆರುನೂರು ಅಡಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಗುರುತುಗಳಿವೆ. ಅಲ್ಲಿ ಸಿಕ್ಕ ಮರದ ತುಂಡುಗಳ ಕಾಲನಿರ್ಣಯ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಕಬ್ಬಿಣದ ವಿಷಯದಲ್ಲಿ ಇನ್ನೂ ಹತ್ತಿರದ ಸಾಕ್ಷಿ ಇದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿದ. ಮಧುಗಿರಿಯ ಕಡೆ ಚನ್ನರಾಯನದುರ್ಗದಲ್ಲಿ ಉಕ್ಕು ಮಾಡುವುದನ್ನು ನಿಂತು ನೋಡಿ ಬರೆದುಕೊಂಡ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು ಇಡುತ್ತಾರೆ. ಅದರ ಜೊತೆ ಅಳತೆ ಮಾಡಿದಷ್ಟು ತಂಗಡಿ ಕಡ್ಡಿ, ಮೇಲೆ ಎರಡು ಹಸಿರೆಲೆ. ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಜೋಡಿಸಿ, ತಿದಿ ಒತ್ತುತ್ತ ಗಂಟೆಗಟ್ಟಲೆ ಕಾಯಿಸುತ್ತಾರೆ. ತಂಗಡಿ ಕಡ್ಡಿ ಎಷ್ಟು ಹಾಕಬೇಕು ಎನ್ನುವುದರ ಮೇಲೆಯೇ ಉಕ್ಕಿನ ಗುಣ ನಿಂತಿತ್ತು. ಇಂದಿನ ಲೋಹಶಾಸ್ತ್ರದ ವಿದ್ಯಾರ್ಥಿ ಅದನ್ನು ಕಬ್ಬಿಣಕ್ಕೆ ಇಂಗಾಲ ಸೇರಿಸುವ ಕ್ರಮ ಎಂದು ಓದುತ್ತಾನೆ. ಆ ಕುಲುಮೆಯ ಯಜಮಾನನಿಗೆ ಇಂಗಾಲದ ಹೆಸರು ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು.

ಚಿತ್ರದುರ್ಗದ ದಕ್ಷಿಣ ಭಾಗ, ಶಿವಮೊಗ್ಗ ಜಿಲ್ಲೆಯ ಪೂರ್ವದ ಅಂಚು, ಕಡೂರು ಸೀಮೆ, ಎಲ್ಲೆಡೆ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ಒಂದು ಶತಮಾನದೊಳಗೆ ಅವು ಒಂದೊಂದಾಗಿ ಆರಿಹೋದವು. ಏಕೆ ಎನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಮತ್ತು ಇದ್ದಿಲಿಗೆ ಅಡ್ಡ ಬಂದ ಅರಣ್ಯ ಕಾನೂನು ಸೇರಿ ಕೊಂದವು ಎನ್ನುವವರಿದ್ದಾರೆ. ಆ ಕುಲುಮೆಗಳ ಗಾತ್ರವೇ ಸಣ್ಣದು, ರೈಲಿನ ಕಾಲದ ಬೇಡಿಕೆಗೆ ಅವು ಹೇಗಿದ್ದರೂ ತಾಳುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಶಿಕ್ಷಣದ ಕಣ್ಣಿನಿಂದ ನೋಡುವವರಿಗೆ ಮುಖ್ಯವಾಗಿ ಕಾಣುವುದು ಮತ್ತೊಂದು: ತಂದೆಯಿಂದ ಮಗನಿಗೆ ಬರುತ್ತಿದ್ದ ಆ ಕಲಿಕೆ ನಿಂತಾಗ ಅದರ ಜಾಗಕ್ಕೆ ಶಾಲೆ ಬರಲಿಲ್ಲ. ಯುರೋಪಿನಲ್ಲಿ ಸ್ಯಾಕ್ಸನಿಯ ಫ್ರೈಬರ್ಗ್‌ನಲ್ಲಿ 1765ರಲ್ಲೇ ಗಣಿ ಅಕಾಡೆಮಿ ಶುರುವಾಗಿತ್ತು. ಲಂಡನ್ನಿನಲ್ಲಿ 1851ರಲ್ಲಿ ರಾಯಲ್ ಸ್ಕೂಲ್ ಆಫ್ ಮೈನ್ಸ್ ಬಾಗಿಲು ತೆರೆಯಿತು. ಗಣಿಗಾರರ ಕೈಚಳಕವನ್ನು ಪುಸ್ತಕಕ್ಕೆ, ಪ್ರಯೋಗಶಾಲೆಗೆ ತರುವ ಕೆಲಸ ಅಲ್ಲಿ ನಡೆಯಿತು. ಇಲ್ಲಿ ಕಮ್ಮಾರನ ಮಗ ಕೂಲಿಯಾದ.

*

ಶಾಲೆಯಿಲ್ಲದ ಈ ಕೊರತೆ ಕೋಲಾರದಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ನಿವೃತ್ತ ಸೈನಿಕ ಲ್ಯಾವೆಲ್ 1870ರ ದಶಕದಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮುಂದಿನ ಎರಡು ದಶಕಗಳಲ್ಲಿ ಕೋಲಾರ ಭಾರತದ ಚಿನ್ನದ ರಾಜಧಾನಿಯಾಯಿತು. ಯಂತ್ರಗಳಿಗೆ ವಿದ್ಯುತ್ ಬೇಕೆಂದು 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದರು. ಸುಮಾರು 147 ಕಿ.ಮೀ. ಉದ್ದದ ಆ ತಂತಿ ಆ ಕಾಲಕ್ಕೆ ಜಗತ್ತೇ ಬೆರಗಾಗುವಂಥದ್ದು. ಮೈಸೂರು ಸರಕಾರಕ್ಕೆ ಶೇ. 5ರಷ್ಟು ರಾಯಧನ ಸಂದಾಯವಾಗುತ್ತಿತ್ತು. ಮ್ಯಾನೇಜರು, ಸರ್ವೇಯರು, ಅಸ್ಸೇಯರುಗಳು ಇಂಗ್ಲೆಂಡಿನಿಂದ, ಅದರಲ್ಲೂ ತವರ ಮತ್ತು ತಾಮ್ರದ ಗಣಿಗಳ ನಾಡಾದ ಕಾರ್ನ್‌ವಾಲ್‌ನಿಂದ ಬರುತ್ತಿದ್ದರು. ಕಾರ್ನ್‌ವಾಲ್‌ಗೆ ಕ್ಯಾಂಬೋರ್ನ್‌ನಲ್ಲಿ ತನ್ನದೇ ಗಣಿ ಶಾಲೆ ಇತ್ತು. ಕೋಲಾರಕ್ಕೆ ಇರಲಿಲ್ಲ. ಆರ್ಕಾಟಿನ ಕಡೆಯ ತಮಿಳರು, ತೆಲುಗರು, ಸುತ್ತಲಿನ ಕನ್ನಡಿಗರು ಕೆಳಗಿಳಿದು ಕಲ್ಲು ಒಡೆದರು. ಬಂಡೆಯ ಸದ್ದಿನಲ್ಲೇ ಅಪಾಯ ಗುರುತಿಸುವ ಕಿವಿ ಅವರಿಗಿತ್ತು. ಆದರೆ ನಕ್ಷೆ ಓದುವ ಕೆಲಸ ಅವರ ಪಾಲಿಗೆ ಬರಲಿಲ್ಲ.

1897ರಲ್ಲಿ ಕೋಲಾರದ ಗಣಿಯಲ್ಲಿ ದೊಡ್ಡ ದುರಂತ ನಡೆದು 52 ಮಂದಿ ಸತ್ತರು. ಅದರ ಬೆನ್ನಿಗೆ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಸಾವು. ಈ ಎರಡು ದುರಂತಗಳ ಒತ್ತಡದಲ್ಲಿ 1901ರಲ್ಲಿ ಭಾರತದ ಮೊದಲ ಗಣಿ ಕಾಯಿದೆ ಬಂತು, 1902ರಲ್ಲಿ ಗಣಿ ತಪಾಸಣೆಯ ಕಚೇರಿ ಹುಟ್ಟಿತು. ಇಂದು ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೂಲ ಅದೇ. ಗಣಿ ನಡೆಸುವವನಿಗೆ ಅರ್ಹತೆ ಇರಬೇಕು, ಅದನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು ಎನ್ನುವ ವಿಚಾರ ಈ ದಾರಿಯಲ್ಲಿ ನೆಲೆಯೂರಿತು. ಭಾರತದ ಗಣಿ ಶಿಕ್ಷಣಕ್ಕೆ ಕಾನೂನಿನ ಅಡಿಪಾಯ ಬಿದ್ದದ್ದು ಹೀಗೆ ಹೆಣಗಳ ಲೆಕ್ಕದ ಮೇಲೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ ನಮ್ಮ ಕೋಲಾರದವು ಎಂಬುದನ್ನು ಕನ್ನಡದ ಪಠ್ಯಪುಸ್ತಕಗಳು ಎದ್ದು ಕಾಣುವಂತೆ ಹೇಳಬೇಕಿತ್ತು.

ಅದೇ 1901ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನ ಒಂದು ನಿರ್ಣಯ ಮಾಡಿತು: ಲಂಡನ್ನಿನ ಶಾಲೆಯ ಮಾದರಿಯಲ್ಲಿ, ಜಪಾನಿನಲ್ಲಿ ಇರುವ ಹಾಗೆ, ಭಾರತದಲ್ಲೂ ಸರಕಾರಿ ಗಣಿ ಎಂಜಿನಿಯರಿಂಗ್ ಕಾಲೇಜು ಬೇಕು. ಸಮಿತಿಗಳು ಕೂತವು, ವರದಿಗಳು ಬಂದವು. ಧನಬಾದಿನ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ ತೆರೆದದ್ದು 1926ರ ಡಿಸೆಂಬರ್ 9ರಂದು. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ನಡುವೆ 25 ವರ್ಷ. ಅದಕ್ಕೆ ಮೂರು ವರ್ಷ ಮೊದಲು, 1923ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯ ಲೋಹಶಾಸ್ತ್ರದಲ್ಲಿ ದೇಶದ ಮೊದಲ ಪದವಿ ತರಗತಿ ಶುರು ಮಾಡಿತ್ತು. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು. ಅವರದೇ ರಾಜ್ಯದಲ್ಲಿ ಆಗ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಆರು ವರ್ಷ. 1917ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಬ ಎರಡೇ ವಿಭಾಗ. ಭಾರತದ ಅತ್ಯಂತ ಆಳದ ಗಣಿ ಬೆಂಗಳೂರಿನಿಂದ ನೂರು ಕಿಲೋಮೀಟರ್ ಒಳಗೇ ಇತ್ತು. ಗಣಿ ಎಂಜಿನಿಯರಿಂಗ್ ಓದಬೇಕೆಂದ ಮೈಸೂರಿನ ಹುಡುಗ ಬಂಗಾಳಕ್ಕೋ ಬಿಹಾರಕ್ಕೋ ಸಮುದ್ರದಾಚೆಗೋ ಹೋಗಬೇಕಿತ್ತು.

ಮೈಸೂರು ಸುಮ್ಮನೆ ಕುಳಿತಿರಲಿಲ್ಲ ಎನ್ನುವುದೂ ನಿಜ. ರಾಬರ್ಟ್ ಬ್ರೂಸ್ ಫೂಟ್ ಸಂಸ್ಥಾನದ ಚಿನ್ನದ ಜಾಡುಗಳನ್ನು 1887ರಲ್ಲಿ ಸುತ್ತಿ ನೋಡಿದ್ದರು. ಅವರನ್ನೇ ಮುಂದಿಟ್ಟುಕೊಂಡು ದಿವಾನ್ ಶೇಷಾದ್ರಿ ಅಯ್ಯರ್ 1894ರಲ್ಲಿ ಮೈಸೂರಿಗೇ ಪ್ರತ್ಯೇಕ ಭೂವಿಜ್ಞಾನ ಇಲಾಖೆ ಕಟ್ಟಿದರು. ಒಂದು ದೇಶೀ ಸಂಸ್ಥಾನ ಹಾಗೆ ಮಾಡಿದ್ದು ದೊಡ್ಡ ಹೆಜ್ಜೆ. ಫೂಟ್ ನಂತರ ಬಂದ ಡಾ. ಸ್ಮೀತ್ ಅವರ ಕೈಕೆಳಗೆ ಸಂಪತ್ ಅಯ್ಯಂಗಾರ್, ಜಯರಾಂ ಅವರಂಥ ಮೈಸೂರಿನವರು ಸುತ್ತಿಗೆ ಹಿಡಿದು ಗುಡ್ಡ ಹತ್ತಿದರು. ಮುಂದೆ ಬಿ. ರಾಮರಾವ್, ಆಮೇಲೆ ಬಿ. ಪಿ. ರಾಧಾಕೃಷ್ಣ. ಕಾಲೇಜು ಇಲ್ಲದ ಕಾಲದಲ್ಲಿ ಈ ಇಲಾಖೆಯೇ ಕಾಲೇಜಾಯಿತು. ಇಂದಿಗೂ ಕರ್ನಾಟಕದ ಖನಿಜ ನಕ್ಷೆಯನ್ನು ಬಿಡಿಸಿದರೆ ಅದರ ತಳದಲ್ಲಿ ಆ ತಲೆಮಾರಿನ ಕಾಲ್ನಡಿಗೆ ಇದೆ.

ಆದರೆ ಕೋಲಾರದ ಸುರಂಗಗಳೊಳಗಿನ ಕಥೆ ಬದಲಾಗಲಿಲ್ಲ. 1930ರಲ್ಲಿ ಗಣಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ತಂದಾಗ ಅವರು ಸಿಡಿದೆದ್ದು 21 ದಿನ ಕೆಲಸ ನಿಲ್ಲಿಸಿದರು. ಮೇಲಿನವರಿಗೆ ಪ್ರಮಾಣಪತ್ರ, ಕೆಳಗಿನವರಿಗೆ ಹೆಬ್ಬೆಟ್ಟು. ಅರ್ಧ ಶತಮಾನ ಗಣಿ ನಡೆದ ಮೇಲೂ ಅಲ್ಲಿದ್ದ ಅಂತರ ಇದು.

*

ತಿರುವು ಬಂದದ್ದು ಸಾಸ್ವೆಹಳ್ಳಿಯ ದಕ್ಷಿಣಕ್ಕೆ, ಭದ್ರಾ ದಂಡೆಯ ಬೆಂಕಿಪುರದಲ್ಲಿ. ಊರಿಗೆ ಭದ್ರಾವತಿ ಎಂಬ ಹೆಸರು ಬಂದದ್ದು ಆಮೇಲೆ.

ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿದೆ, ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿದೆ, ಮಲೆನಾಡಿನಲ್ಲಿ ಕಾಡಿದೆ. ಕಲ್ಲಿದ್ದಲು ಮಾತ್ರ ಇಲ್ಲ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಇದ್ದಿಲಿನಲ್ಲೇ ಕಬ್ಬಿಣ ಮಾಡೋಣ ಎಂದರು. ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ನ್ಯೂಯಾರ್ಕಿನ ಸಿ. ಪಿ. ಪೆರಿನ್ ಯೋಜನೆ ಹಾಕಿಕೊಟ್ಟರು. 1918ರಲ್ಲಿ ಒಪ್ಪಿಗೆ ಸಿಕ್ಕಿತು, ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಹೊತ್ತಿಕೊಂಡ ಗಳಿಗೆ ಚೆನ್ನಾಗಿರಲಿಲ್ಲ. ಮಹಾಯುದ್ಧ ಮುಗಿದು ಜಗತ್ತಿನಲ್ಲೆಲ್ಲ ಬೀಡುಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಾರ್ಖಾನೆ ನಷ್ಟಕ್ಕೆ ಇಳಿಯಿತು. ಇದು ಬಿಳಿಯಾನೆ, ಮುಚ್ಚಿಬಿಡಿ ಎಂಬ ಮಾತು ಸಂಸ್ಥಾನದೊಳಗೂ ಹೊರಗೂ ಎದ್ದಿತು.

ಮಹಾರಾಜರು ಹಳೆಯ ದಿವಾನರನ್ನೇ ಕರೆಸಿದರು. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಲೆಕ್ಕಪತ್ರ ಸರಿಪಡಿಸಿದ್ದು, ಖರ್ಚು ಕಡಿತ ಮಾಡಿದ್ದು, ಮರದ ಬಟ್ಟಿಯಿಂದ ಬರುವ ಮದ್ಯಸಾರ ಮತ್ತು ಡಾಂಬರು ಮಾರಿದ್ದು, ಕಬ್ಬಿಣದ ಪೈಪಿನ ಕಡೆ ಹೊರಳಿದ್ದು, ಎಲ್ಲವೂ ಆ ಅವಧಿಯದು. ಶಿಕ್ಷಣದ ಚರಿತ್ರೆಗೆ ಬೇಕಾದ ತೀರ್ಮಾನ ಬೇರೊಂದು. ಕಾರ್ಖಾನೆ ನಡೆಸಲು ದೊಡ್ಡ ಸಂಬಳಕ್ಕೆ ಬಂದಿದ್ದ ಅಮೆರಿಕದ ತಜ್ಞರನ್ನು ಹಂತ ಹಂತವಾಗಿ ಬೀಳ್ಕೊಟ್ಟು, ಆ ಜಾಗಗಳಲ್ಲಿ ಮೈಸೂರಿನ ಎಂಜಿನಿಯರುಗಳನ್ನು ಕೂರಿಸಿದರು. ಊದುಕುಲುಮೆಗೆ ಕಣ್ಣಂದಾಜು ಬೇಕು. ಕಿಟ್ಟದ ಬಣ್ಣ ನೋಡಿ ಒಳಗಿನ ಬೇನೆ ಹೇಳಬೇಕು, ಗಾಳಿಯ ಒತ್ತಡ ಏರಿದರೆ ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ತಪ್ಪಿದರೆ ಕುಲುಮೆ ಹೆಪ್ಪುಗಟ್ಟುತ್ತದೆ. ಆ ಜವಾಬ್ದಾರಿಯನ್ನು ಹೊಸಬರಿಗೆ ಕೊಡುವುದೆಂದರೆ ರಾಜ್ಯದ ಹಣವನ್ನು ಪಣಕ್ಕಿಡುವುದು. ವಿಶ್ವೇಶ್ವರಯ್ಯ ಇಟ್ಟರು. ಕೋಲಾರದಲ್ಲಿ ಖಾಸಗಿ ಕಂಪನಿ ನಾಲ್ಕು ದಶಕ ಮಾಡದಿದ್ದ ಕೆಲಸ ಭದ್ರಾವತಿಯಲ್ಲಿ ಆರು ವರ್ಷದಲ್ಲಿ ನಡೆಯಿತು.

ಭದ್ರಾವತಿ ಬೇಕಿತ್ತೇ ಎಂಬ ಬಗ್ಗೆ ಇಂದಿಗೂ ವಾದವಿದೆ. ಇದ್ದಿಲಿಗಾಗಿ ಎಷ್ಟು ಕಾಡು ಹೋಯಿತು, ಆ ಹಣ ಕೆರೆ ಕಾಲುವೆಗೆ ಹೋಗಿದ್ದರೆ ರೈತನಿಗೆ ಹೆಚ್ಚು ಲಾಭವಾಗುತ್ತಿತ್ತಲ್ಲವೇ ಎಂದು ಕೇಳುವವರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಲೆಕ್ಕ ಹಾಕುವಾಗ ಅಲ್ಲಿ ತಯಾರಾದ ಜನರನ್ನೂ ಸೇರಿಸಬೇಕು. 1936ರ ಹೊತ್ತಿಗೆ ಅದೇ ಕಾರ್ಖಾನೆ ಉಕ್ಕು ಮಾಡಿತು, ಮುಂದೆ ಸಿಮೆಂಟು, ಫೆರೋಸಿಲಿಕಾನ್, 1950ರ ದಶಕದಲ್ಲಿ ವಿದ್ಯುತ್ ಕುಲುಮೆ. ಒಂದೊಂದು ಹೊಸ ಘಟಕವೂ ಒಂದು ಹೊಸ ತಂಡಕ್ಕೆ ಪಾಠ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಆ ಹಳ್ಳಿಗಳಿಗೆ ‘ಫ್ಯಾಕ್ಟರಿ’ ಎಂದರೆ ಭದ್ರಾವತಿಯೇ. ಫಿಟ್ಟರು, ವೆಲ್ಡರು, ಫೌಂಡ್ರಿ ಮೇಸ್ತ್ರಿ ಎಂಬ ಕಸುಬುಗಳು ಬೇಸಾಯದ ಮನೆಗಳಿಗೆ ಬಂದ ದಾರಿ ಅದು. ಕಾರ್ಖಾನೆಯ ಬೆಳ್ಳಿಹಬ್ಬದ ನೆನಪಿನ ಪಾಲಿಟೆಕ್ನಿಕ್ ಈಗಲೂ ಊರಲ್ಲಿ ನಡೆಯುತ್ತಿದೆ.

ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ವಿಶ್ವೇಶ್ವರಯ್ಯ ಸಂಬಳ ತೆಗೆದುಕೊಳ್ಳಲಿಲ್ಲ. ಕೊನೆಗೆ ಸಲ್ಲಬೇಕಾದ ಹಣವನ್ನು ಕೈಕಸುಬು ಕಲಿಸುವ ಸಂಸ್ಥೆಗೆ ಕೊಡಿ ಎಂದರು. ತಮ್ಮ ಹೆಸರು ಇಡುವುದು ಬೇಡವೆಂದರು. ಬೆಂಗಳೂರಿನಲ್ಲಿ 1943ರಲ್ಲಿ ತೆರೆದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌ಜೆ ಪಾಲಿಟೆಕ್ನಿಕ್, ಹೀಗೆ ಹುಟ್ಟಿತು. ಕಬ್ಬಿಣದ ಕಾರ್ಖಾನೆಯ ದುಡ್ಡು ಶಾಲೆಯಾದದ್ದಕ್ಕೆ ಇಷ್ಟು ನೇರವಾದ ಉದಾಹರಣೆ ನಾಡಿನಲ್ಲಿ ಮತ್ತೊಂದು ಸಿಗುವುದು ಕಷ್ಟ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ, ಲೋಹದ ಪಾಠಕ್ಕೆ ಕೈಹಾಕಲು ತಡಮಾಡಿತು. 371 ಎಕರೆ ಜಾಗ ಮೈಸೂರು ಕೊಟ್ಟದ್ದು, ಹಣ ಉಕ್ಕಿನ ಕನಸು ಕಂಡ ಜೆಮ್‌ಷೆಡ್ಜಿ ಟಾಟಾ ಅವರದು. ಆದರೂ 1911ರಲ್ಲಿ ಪಾಠ ಶುರುವಾದಾಗ ಇದ್ದದ್ದು ರಸಾಯನ ಮತ್ತು ವಿದ್ಯುತ್ ವಿಭಾಗಗಳು. ಲೋಹಶಾಸ್ತ್ರ ವಿಭಾಗ ತೆರೆಯಲು ಎರಡನೇ ಮಹಾಯುದ್ಧ ಬರಬೇಕಾಯಿತು. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. ವಿಮಾನಕ್ಕೆ ಹಗುರ ಲೋಹ ಬೇಕು, ಅದನ್ನು ಬಲ್ಲವರು ಬೇಕು. ಜ್ಞಾನಚಂದ್ರ ಘೋಷ್ ನಿರ್ದೇಶಕರಾಗಿದ್ದಾಗ, 1945ರಲ್ಲಿ, ವಿಭಾಗ ಶುರುವಾಯಿತು. 1951ರಲ್ಲಿ ಅದರ ಮೊದಲ ಭಾರತೀಯ ಮುಖ್ಯಸ್ಥರಾಗಿ ಬಂದ ಬ್ರಹ್ಮಪ್ರಕಾಶ್ ಅಮೆರಿಕದ ಎಂಐಟಿಯಲ್ಲಿ ಓದಿದವರು. ಆರು ವರ್ಷ ಇಲ್ಲಿ ಪಾಠ ಹೇಳಿ, ಟ್ರಾಂಬೆಗೆ ಹೋಗಿ ಅಣುಇಂಧನದ ಲೋಹವಿದ್ಯೆ ಕಟ್ಟಿದರು. ಮುಂದೆ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರಾದರು. ಬೆಂಗಳೂರಿನ ಈ ವಿಭಾಗದ ಪಾಠ ಉಕ್ಕಿನ ಕಾರ್ಖಾನೆಗಿಂತ ಹೆಚ್ಚಾಗಿ ರಿಯಾಕ್ಟರು, ರಾಕೆಟ್ಟುಗಳ ಕಡೆ ಹರಿದದ್ದರ ಹಿನ್ನೆಲೆ ಇದು. ಆ ವಿಭಾಗದ ಹೆಸರಿನಲ್ಲೇ ಈಗ ಲೋಹವಿಲ್ಲ, ಮೆಟೀರಿಯಲ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ.

*

ಸ್ವಾತಂತ್ರ್ಯದ ನಂತರ ಸಂಸ್ಥೆಗಳು ಒಂದರ ಹಿಂದೊಂದು ಬಂದವು. 1960ರಲ್ಲಿ ಉಳ್ಳಾಲ ಶ್ರೀನಿವಾಸ ಮಲ್ಯರ ಹಟದಿಂದ ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಎದ್ದಿತು. ಇಂದಿನ ಎನ್‌ಐಟಿಕೆಯಾದ ಆ ಕಾಲೇಜಿನಲ್ಲಿ ಮುಂದೆ ಲೋಹಶಾಸ್ತ್ರ, ಗಣಿ ಎರಡೂ ವಿಭಾಗಗಳು ಬೆಳೆದವು. ಸಂಡೂರಿನ ಯಶವಂತನಗರದ ಪಾಲಿಟೆಕ್ನಿಕ್‌ನಲ್ಲಿ ಗಣಿ ಡಿಪ್ಲೊಮಾ ಬಂತು. ಸಂಡೂರಿನದೇ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ಪಾಠ ಬಂತು. ಭದ್ರಾವತಿಗೆ ಹತ್ತಿರದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಅನ್ವಯಿಕ ಭೂವಿಜ್ಞಾನ ಕಲಿಸುತ್ತಿದೆ. ಇವೆಲ್ಲದರ ಬಗ್ಗೆ ಹೆಚ್ಚು ಹೇಳದೆ ಕೋಲಾರಕ್ಕೆ ಮರಳಬೇಕು, ಏಕೆಂದರೆ ಈ ಚರಿತ್ರೆಯ ನೋವು ಅಲ್ಲಿದೆ.

1956ರ ನವೆಂಬರಿನಲ್ಲಿ ಕೋಲಾರದ ಗಣಿಗಳು ಮೈಸೂರು ಸರಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಸರಕಾರದ ಕೈಗೆ ಬಂದ ಕಾಲದಲ್ಲೇ ಅಲ್ಲಿನ ಊರಿಗಾಂನಲ್ಲಿ ಸ್ಕೂಲ್ ಆಫ್ ಮೈನ್ಸ್ ಬಂದದ್ದು. 1880ರ ದಶಕದಲ್ಲಿ ಬರಬೇಕಿದ್ದ ಶಾಲೆ ಅದು. ಆ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ಆಳ ಮುಟ್ಟುತ್ತಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಜಗತ್ತಿನ ಬೇರೆಲ್ಲೂ ಸುಲಭಕ್ಕೆ ಸಿಗದ ಪ್ರಯೋಗಶಾಲೆ ಅದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿಗಳು ಅದೇ ಆಳದಲ್ಲಿ ಉಪಕರಣವಿಟ್ಟು 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. 1980ರ ದಶಕದಲ್ಲಿ ಅಲ್ಲಿ ಗಣಿ ವಿಭಾಗವುಳ್ಳ ಎಂಜಿನಿಯರಿಂಗ್ ಕಾಲೇಜು ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಬಂತು. ಬಂಡೆ ಸಿಡಿತದ ದಶಕಗಳ ದಾಖಲೆ ಅದರ ಬಂಡವಾಳ. ಶತಮಾನ ಕಾದು ಕೊನೆಗೂ ಕೋಲಾರಕ್ಕೆ ಶಾಲೆ, ಕಾಲೇಜು, ಸಂಶೋಧನಾಲಯ ಮೂರೂ ಸಿಕ್ಕವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ತುಂಬುತ್ತ ಬಂತು. ವಿದ್ಯಾರ್ಥಿಗಳು ಕಲಿಯಬೇಕಿದ್ದ ಜಾಗಗಳು ಮುಳುಗಿದವು.

ಮುಂದಿನ ಹತ್ತು ವರ್ಷಗಳಲ್ಲಿ ಬಳ್ಳಾರಿಯಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ಜೆಸಿಬಿ ಇದ್ದವನೆಲ್ಲ ಗಣಿ ಧಣಿಯಾದ. ಎಂಜಿನಿಯರಿನ ಸಹಿ ಕಾಗದಕ್ಕೆ ಮಾತ್ರ ಬೇಕಿತ್ತು. ಸರಹದ್ದಿನ ಗುರುತುಗಳೇ ಕಾಣೆಯಾದವು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ ಬಂತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಅದೇ ಆದೇಶ ಚಿತ್ರದುರ್ಗ, ತುಮಕೂರಿಗೂ ಬಂತು. ಮತ್ತೆ ಗಣಿ ತೆರೆಯಬೇಕಾದರೆ ನ್ಯಾಯಾಲಯ ಹಾಕಿದ ಷರತ್ತುಗಳನ್ನು ಓದಿದರೆ ಅದೊಂದು ಪಠ್ಯಕ್ರಮದಂತೆ ಇದೆ: ಗಡಿಯ ಹೊಸ ಸರ್ವೆ, ಇಳಿಜಾರು ಕುಸಿಯದಂತೆ ಕಟ್ಟುವುದು, ಕಸಮಣ್ಣಿನ ರಾಶಿಯಿಂದ ಹಳ್ಳಕ್ಕೆ ಹೂಳು ಇಳಿಯದಂತೆ ತಡೆ, ಗಿಡ ನೆಟ್ಟು ನೆಲ ಮರಳಿ ಹಸಿರಾಗಿಸುವುದು, ವರ್ಷಕ್ಕೆ ಇಷ್ಟೇ ಟನ್ ಎಂಬ ಮಿತಿ. ಈ ಕೆಲಸಗಳನ್ನು ಬಲ್ಲ ಹುಡುಗರನ್ನು ನಮ್ಮ ಡಿಪ್ಲೊಮಾ ಕಾಲೇಜುಗಳು ಮೊದಲೇ ಸಾಕಷ್ಟು ಸಂಖ್ಯೆಯಲ್ಲಿ ತಯಾರು ಮಾಡಿದ್ದರೆ, ಅವರ ಮಾತಿಗೆ ಬೆಲೆ ಇದ್ದಿದ್ದರೆ, ಸಂಡೂರಿನ ಗುಡ್ಡಗಳು ಇಷ್ಟು ಗಾಯಗೊಳ್ಳುತ್ತಿರಲಿಲ್ಲ.

ಈಗ ಪಾಠದ ಕೋಣೆಗಳಲ್ಲಿ ಬೇರೆಯೇ ಕಷ್ಟ. ಮಕ್ಕಳು ಕಂಪ್ಯೂಟರ್ ವಿಭಾಗಕ್ಕೆ ಮುಗಿಬೀಳುತ್ತಾರೆ, ಗಣಿ ಮತ್ತು ಲೋಹ ವಿಭಾಗಗಳು ಕೊನೆಯ ಆಯ್ಕೆ. ಅವರನ್ನು ದೂರಿ ಫಲವಿಲ್ಲ. ಕೋಲಾರ ಮುಚ್ಚಿದ್ದನ್ನು ಕೇಳಿದ್ದಾರೆ. 2005ರ ಕೊನೆಗೆ ಕುದುರೆಮುಖದ ಗಣಿ ಮುಚ್ಚಿದ್ದನ್ನು ಕೇಳಿದ್ದಾರೆ. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚುವುದಾಗಿ ಅದರ ಒಡೆತನದ ಉಕ್ಕು ಪ್ರಾಧಿಕಾರ (ಸೈಲ್) ಪ್ರಕಟಿಸಿದಾಗ ಕಾರ್ಮಿಕರು ಬೀದಿಗೆ ಬಂದದ್ದನ್ನು ಕಂಡಿದ್ದಾರೆ. ಆಮೇಲೆ ರೋಲಿಂಗ್ ಕೆಲಸ ಮತ್ತೆ ಶುರುವಾದರೂ ನೂರು ವರ್ಷ ತುಂಬಿದ ತಿಂಗಳಲ್ಲೇ ಬಂದ ಆ ಸುದ್ದಿಯ ಪೆಟ್ಟು ಸಣ್ಣದಲ್ಲ.

ಆದರೆ ಬೇಡಿಕೆ ಸತ್ತಿಲ್ಲ, ಅದರ ರೂಪ ಬದಲಾಗಿದೆ. ಹಟ್ಟಿ ಇಂದಿಗೂ ಚಿನ್ನ ಕೊಡುತ್ತಿದೆ. ಮಂಡ್ಯದ ಮರ್ಲಗಲ್ಲ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿದೆ. ಪ್ರಮಾಣ ದೊಡ್ಡದಲ್ಲ, ಆದರೆ ಗಟ್ಟಿಕಲ್ಲಿನಿಂದ ಲಿಥಿಯಂ ಬಿಡಿಸುವುದು ಇಲ್ಲಿ ಹೊಸ ವಿದ್ಯೆ. 2025ರ ಜನವರಿಯಲ್ಲಿ ಕೇಂದ್ರ ಸಂಪುಟ ನಿರ್ಣಾಯಕ ಖನಿಜಗಳ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಹಳೆಯ ಬ್ಯಾಟರಿ, ಫೋನುಗಳಿಂದ ಲೋಹ ಮರಳಿ ಪಡೆಯುವುದೂ ಅದರ ಭಾಗ. 2019ರ ಆರಂಭದಲ್ಲಿ ಮತ್ತೊಂದು ಬಾಗಿಲು ತೆರೆಯಿತು: 1952ರ ಗಣಿ ಕಾಯಿದೆ ಹೆಂಗಸರನ್ನು ಭೂಮಿಯ ಕೆಳಗಿನ ಕೆಲಸದಿಂದ ದೂರ ಇಟ್ಟಿತ್ತು, ಆ ನಿರ್ಬಂಧವನ್ನು ಸಡಿಲಿಸಿ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಅವರು ಇಳಿಯಬಹುದು ಎಂದಾಯಿತು. ನ್ಯಾಮತಿಯ ಹುಡುಗಿಯೊಬ್ಬಳು ಗಣಿ ಡಿಪ್ಲೊಮಾ ಮಾಡಿ ಹಟ್ಟಿಯ ಶಾಫ್ಟ್ ಇಳಿಯಲು ಕಾನೂನಿನ ಅಡ್ಡಿ ಈಗಿಲ್ಲ. ಓದಲು ಅವಳ ಹತ್ತಿರದಲ್ಲಿ ಸೀಟು, ಹಾಸ್ಟೆಲು, ವಿದ್ಯಾರ್ಥಿವೇತನ ಇರಬೇಕು. ಪ್ರಮಾಣಪತ್ರದ ಪರೀಕ್ಷೆಗೆ ಕೂರಲು ಬೇಕಾದ ಗಣಿ ಅನುಭವವನ್ನು ಕೊಡಿಸುವವರು ಇರಬೇಕು.

2024ರ ಜೂನ್‌ನಲ್ಲಿ ಕರ್ನಾಟಕದ ಸಂಪುಟ ಕೋಲಾರದ 1,003.4 ಎಕರೆಯಲ್ಲಿ ಹರಡಿರುವ 13 ಸೈನೈಡ್ ದಿಬ್ಬಗಳ ಮಣ್ಣಿನಿಂದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿತು. ಟೇಲರ್ ಕಂಪನಿಯ ಕಾಲದಿಂದ ಗಿರಣಿಯಲ್ಲಿ ಅರೆದು, ಸೈನೈಡಿನಲ್ಲಿ ತೊಳೆದು ಚೆಲ್ಲಿದ ಬೂದುಬಣ್ಣದ ಪುಡಿ ಅದು. ಬೇಸಿಗೆಯ ಗಾಳಿಗೆ ಮನೆಗಳೊಳಗೆ ನುಗ್ಗುತ್ತದೆ. ಟನ್ನಿಗೆ ಒಂದು ಗ್ರಾಮಿನ ಆಸುಪಾಸಿನಷ್ಟು ಚಿನ್ನ ಬಿಡಿಸಲು ಆಳಕ್ಕೆ ಇಳಿಯಬೇಕಿಲ್ಲ, ಆದರೆ ಕಣದ ಗಾತ್ರ, ಕ್ಷಾರದ ಮಟ್ಟ, ಸೈನೈಡಿನ ಅಳತೆ, ತೊಳೆದ ನೀರಿನ ವಿಷ ಕಳೆಯುವುದು, ಉಳಿದ ಪುಡಿಯನ್ನು ಮತ್ತೆ ಎಲ್ಲಿ ಸುರಿಯುವುದು, ಇವೆಲ್ಲ ಗೊತ್ತಿರಬೇಕು. ದಿಬ್ಬಗಳ ಸುತ್ತಲಿನ ಕಾಲೊನಿಗಳ ಯುವಕರು ಗಣಿ ಮುಚ್ಚಿದಂದಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಿದ್ದಾರೆ. ಕೆಲಸ ಹಿಡಿಯುವ ಕಂಪನಿ ಯಾವುದೇ ಆಗಲಿ, ಮೊದಲ ಲೋಡು ಮಣ್ಣು ಎತ್ತುವ ಮುನ್ನ ಊರಿಗಾಂ ಶಾಲೆಯಲ್ಲೇ ಇವರಿಗೆ ತರಬೇತಿ ತೆರೆಯಬೇಕೆಂದು ಸರಕಾರ ಗುತ್ತಿಗೆಯ ಕಾಗದದಲ್ಲಿ ಬರೆಸಬೇಕು. 1880ರಲ್ಲಿ ಟೇಲರ್ ಕಂಪನಿಗೆ ಮೈಸೂರು ಹಾಕದೆ ಬಿಟ್ಟ ಷರತ್ತು ಇದೊಂದೇ.